ನಾರುಹುಣ್ಣೆಂಬ ಶಬ್ದವೂ ಅದರ ಗಣನೆಯೂ

ಈಚೆಗೆ ಕಲಬುರಗಿಯಲ್ಲಿ ಕೆಲವು ವಿದ್ಯಾರ್ಥಿಗಳನ್ನು 'ನಾರುಹುಣ್ಣು' ಎಂದರೇನೆಂದು ಕೇಳಿದೆನು. ಕಮಲಾಪುರದವನೊಬ್ಬನು, ತನ್ನೂರು ಕೆಂಬಾಳೆಗೆ ಹೆಸರಾದುದರಿಂದಲೋ ಏನೋ, ಬಾಳೆಯ ನಾರು ಕೊಯ್ದು ಆದ ಗಾಯವಿರಬೇಕೆಂದನು. ಅರ್ಥವು ತಪ್ಪಾದರೂ ಸಮಾಸವನ್ನು ಬಿಡಿಸಿದ ರೀತಿಯು ಅಸಂಗತವಲ್ಲ. ಇದು ನಾರಿನಂತಹ ಹುಳುವು ಹೊರಡುವ ಹುಣ್ಣು. ಮರಾಠಿಯ 'ನಾರೂ', ತೆಲುಗಿನ 'ನಾರಿಕುರುಪು', ಪಾರಸಿಯಲ್ಲಿ ದಾರವೆಂದರ್ಥವಾಗುವ 'ರಿಶ್ತಾ' ಇವೆಲ್ಲವೂ ಆ ರೂಪವನ್ನೇ ಹೇಳುವುವು.

ವೃಂದನ ಸಿದ್ಧಯೋಗದಲ್ಲಿಯೂ 16ನೆಯ ಶತಮಾನದ ಭಾವಪ್ರಕಾಶದಲ್ಲಿಯೂ ಈ ವ್ಯಾಧಿಯು 'ಸ್ನಾಯುಕ'ವೆಂದು ಉಕ್ತವಾಗಿದೆ. ಕುಪಿತವಾದ ದೋಷವು ಕೈಕಾಲುಗಳಲ್ಲಿ ಬಾವನ್ನುಂಟುಮಾಡಿ, ಒಡೆದು, ಮಾಂಸವನ್ನು ಒಣಗಿಸಿ, ಬಿಳಿಯ ತಂತುವಿನಂತಹ ಸ್ನಾಯುವನ್ನು ಹುಟ್ಟಿಸುವುದೆಂದು ಅಲ್ಲಿಯ ಅಭಿಪ್ರಾಯ. ಶಾಸ್ತ್ರಕಾರರು ಅದನ್ನು ಜೀವಿಯೆಂದೆಣಿಸಲಿಲ್ಲ. ಈ ವಿಷಯದಲ್ಲಿ ಅವರ ಪಕ್ಷವನ್ನು ಸಮರ್ಥಿಸಹೊರಡುವುದು ವ್ಯರ್ಥ. ಆದರೆ ಎಳೆಯು ನಡುವೆ ಕಡಿದರೆ ಕೈ ಮುರುಟುವುದು, ಕಾಲು ಕುಂಟಾಗುವುದು ಎಂಬ ಅವರ ಅವಲೋಕನವು ನಿಜವಾದುದು. ಆದುದರಿಂದಲೇ ಜನರು ಹುಳುವನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟಿಷ್ಟೇ ಎಳೆಯುತ್ತಿದ್ದರು.

ರೋಗದ ಮೂಲವು ಮೆಟ್ಟಿಲ ಬಾವಿ. ಹುಣ್ಣಿನ ಕಾಲನ್ನು ನೀರಿನಲ್ಲಿಟ್ಟರೆ ಹುಳುವು ಮರಿಗಳನ್ನು ಬಿಡುವುದು. ಅವುಗಳನ್ನು ಸೈಕ್ಲಾಪ್ಸ್ ಎಂಬ ನೀರುಚಿಗಟವು ನುಂಗುವುದು. ಆ ನೀರನ್ನು ಕುಡಿದವನಲ್ಲಿ ಸುಮಾರು ಒಂದು ವರ್ಷಕ್ಕೆ ಹುಳುವು ಬಲಿತು ಚರ್ಮವನ್ನು ಭೇದಿಸಿ ಹೊರಬರುವುದು. ಹೀಗಾಗಿ ಈ ವರ್ಷ ಎಣಿಸಿದ ರೋಗಿಯು ಹೋದ ವರ್ಷದ ನೀರಿನ ಸಾಕ್ಷಿ. ಎಣಿಕೆಯಲ್ಲಿ ತಪ್ಪಿಹೋದ ಒಬ್ಬನು ಬಾವಿಗಿಳಿದರೆ ಬರುವ ವರ್ಷದ ಲೆಕ್ಕವೇ ಕೆಡುವುದು. ಮದ್ದಾಗಲಿ ಲಸಿಕೆಯಾಗಲಿ ಇಲ್ಲದ ಈ ರೋಗದಲ್ಲಿ ಗಣನೆಯೇ ಚಿಕಿತ್ಸೆಯ ಅರ್ಧಭಾಗ.

ನಡೆಯಲಾರದ ಕೃಷಿಕನು ಆಸ್ಪತ್ರೆಗೆ ಬಾರನು. ಆಸ್ಪತ್ರೆಯ ದಾಖಲೆಯನ್ನೇ ನಂಬಿದರೆ ರೋಗವೇ ಇಲ್ಲವೆಂದು ತೋರುವುದು. ಆದಕಾರಣ 1980ರ ದಶಕದಲ್ಲಿ ಆರಂಭವಾದ ರಾಷ್ಟ್ರೀಯ ನಿರ್ಮೂಲನ ಕಾರ್ಯಕ್ರಮದವರು ಊರೂರು ಅಲೆದು ಹುಡುಕಿದರು. ಗಾಯದಿಂದ ಎಳೆ ಹೊರಡುವ ರೋಗವನ್ನು ಗುರುತಿಸಲು ವೈದ್ಯನೇ ಬೇಕಿರಲಿಲ್ಲ. ಊರಿನವರ ಬಾಯಲ್ಲಿದ್ದ ಹೆಸರೇ ಸಾಕಾಗಿತ್ತು. 1984ರಲ್ಲಿ ಏಳು ರಾಜ್ಯಗಳಲ್ಲಿ ಸುಮಾರು 40,000 ರೋಗಿಗಳು ದೊರೆತರು. ನಮ್ಮ ಕಲಬುರಗಿ ಜಿಲ್ಲೆಯೂ ಪೀಡಿತ ಪ್ರದೇಶದೊಳಗಿತ್ತು. ಮೆಟ್ಟಿಲ ಬಾವಿಗಳು ಸೇದುಬಾವಿಗಳಾದುವು, ಕೈಪಂಪುಗಳು ಬಂದುವು, ನೀರನ್ನು ಬಟ್ಟೆಯಲ್ಲಿ ಸೋಸುವುದನ್ನು ಕಲಿಸಿದರು. ದೇಶದ ಕಡೆಯ ರೋಗಿಯು 1996ರ ಜುಲೈಯಲ್ಲಿ ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ ಕಂಡುಬಂದನು. ಅನಂತರವೂ ಮೂರು ವರ್ಷಗಳಿಗೆ ಮೇಲ್ಪಟ್ಟು ಶೂನ್ಯವನ್ನೇ ಎಣಿಸುತ್ತಿದ್ದು, 2000ದ ಫೆಬ್ರುವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪ್ರಮಾಣಪತ್ರವು ದೊರೆಯಿತು.

ರೋಗದೊಡನೆ ಶಬ್ದವೂ ಜಾರಿಹೋಗುತ್ತಿದೆ. ಊರಿನ ಹಿರಿಯರನ್ನು ಕೇಳಿಕೊಂಡು ಬಾರೆಂದು ಆ ಕಮಲಾಪುರದ ಹುಡುಗನಿಗೆ ಹೇಳಿ ಕಳುಹಿಸಿದ್ದೇನೆ.