ಪ್ರೊಸೆಸರ್ ಫ್ಯಾನಿನ ಸದ್ದು

ಡೆಸ್ಕ್‌ಟಾಪ್ ಗಣಕಯಂತ್ರದ ಪ್ರೊಸೆಸರನ್ನು ತಂಪಾಗಿಡುವ ಸಣ್ಣ ಫ್ಯಾನಿನಿಂದ ವಾಡಿಕೆಗಿಂತ ಹೆಚ್ಚಾಗಿ ಹೊರಡುವ ಶಬ್ದವನ್ನು ಪ್ರೊಸೆಸರ್ ಫ್ಯಾನಿನ ಸದ್ದು ಎನ್ನಲಾಗುತ್ತದೆ. ಇದಕ್ಕೆ ಮುಖ್ಯವಾಗಿ ಎರಡು ಕಾರಣಗಳಿವೆ. ಪ್ರೊಸೆಸರ್ ಬಿಸಿಯೇರಿದಾಗ ಫ್ಯಾನ್ ತನ್ನ ವೇಗವನ್ನು ಹೆಚ್ಚಿಸಿಕೊಳ್ಳುವುದು ಮೊದಲನೆಯದು; ಫ್ಯಾನಿನ ಬೇರಿಂಗ್, ರೆಕ್ಕೆ ಅಥವಾ ಜೋಡಣೆಯೇ ಕೆಡುವುದು ಎರಡನೆಯದು. ಮೊದಲನೆಯದರಲ್ಲಿ ಫ್ಯಾನ್ ಸರಿಯಾಗಿಯೇ ಕೆಲಸ ಮಾಡುತ್ತಿರುತ್ತದೆ, ದೋಷ ಬೇರೆಡೆ ಇರುತ್ತದೆ. ಈ ವ್ಯತ್ಯಾಸವನ್ನು ಗಮನಿಸದೆ ಹೊಸ ಫ್ಯಾನ್ ಹಾಕಿಸಿದರೆ ಅದೂ ಕೆಲವೇ ದಿನಗಳಲ್ಲಿ ಅಷ್ಟೇ ಸದ್ದು ಮಾಡತೊಡಗುತ್ತದೆ.

ಕರ್ನಾಟಕದಲ್ಲಿ ಗಣಕಯಂತ್ರದ ಇಡೀ ಪೆಟ್ಟಿಗೆಯನ್ನೇ ‘ಸಿಪಿಯು’ ಎಂದು ಕರೆಯುವ ರೂಢಿಯಿದೆ. ಆದ್ದರಿಂದ ‘ಸಿಪಿಯು ಫ್ಯಾನ್ ಸದ್ದು ಮಾಡುತ್ತಿದೆ’ ಎಂಬ ಮಾತು ಪೆಟ್ಟಿಗೆಯೊಳಗಿನ ಯಾವ ಫ್ಯಾನನ್ನಾದರೂ ಸೂಚಿಸಬಹುದು. ಈ ಲೇಖನದಲ್ಲಿ ಹೇಳಿರುವುದು ಮದರ್‌ಬೋರ್ಡಿನಲ್ಲಿ ಪ್ರೊಸೆಸರಿನ ಮೇಲೆ, ಹೀಟ್‌ಸಿಂಕಿಗೆ ಅಂಟಿಕೊಂಡಿರುವ ಫ್ಯಾನನ್ನು ಕುರಿತು.

ಕಾರ್ಯವಿಧಾನ

ಹಳೆಯ ಪ್ರೊಸೆಸರುಗಳಿಗೆ ಫ್ಯಾನ್ ಬೇಕಿರಲಿಲ್ಲ. 1993ರಲ್ಲಿ ಬಂದ ಇಂಟೆಲ್ ಪೆಂಟಿಯಮ್ ಸುಮಾರು 15 ವ್ಯಾಟ್ ಶಾಖವನ್ನು ಹೊರಹಾಕುತ್ತಿದ್ದುದರಿಂದ ಬರಿಯ ಅಲ್ಯೂಮಿನಿಯಂ ಪಟ್ಟಿಗಳು ಸಾಲದಾದವು. ಇಂದಿನ ಸಾಮಾನ್ಯ ಡೆಸ್ಕ್‌ಟಾಪ್ ಪ್ರೊಸೆಸರುಗಳಲ್ಲಿ 65 ವ್ಯಾಟ್ ಸಾಧಾರಣ ಮಟ್ಟ. ಈ ಶಾಖವು ಪ್ರೊಸೆಸರಿನಿಂದ ಥರ್ಮಲ್ ಪೇಸ್ಟಿನ ಮೂಲಕ ಹೀಟ್‌ಸಿಂಕಿಗೆ ಹರಿಯುತ್ತದೆ. ಅಲ್ಲಿಂದ ಫ್ಯಾನಿನ ಗಾಳಿ ಅದನ್ನು ಒಯ್ಯುತ್ತದೆ.

ಈಗಿನ ಫ್ಯಾನುಗಳಿಗೆ ನಾಲ್ಕು ತಂತಿಗಳಿರುತ್ತವೆ. ಎರಡು ತಂತಿಗಳು 12 ವೋಲ್ಟ್ ವಿದ್ಯುತ್ತನ್ನು ಒದಗಿಸುತ್ತವೆ. ಮೂರನೆಯದು ಪ್ರತಿ ಸುತ್ತಿಗೆ ಎರಡು ಮಿಡಿತಗಳಂತೆ ಫ್ಯಾನಿನ ವೇಗವನ್ನು ಮದರ್‌ಬೋರ್ಡಿಗೆ ತಿಳಿಸುತ್ತದೆ. ನಾಲ್ಕನೆಯದರಲ್ಲಿ ಸೆಕೆಂಡಿಗೆ ಸುಮಾರು 25,000 ಬಾರಿ ಬರುವ ಸಂಕೇತವು ವೇಗವನ್ನು ಏರಿಳಿಸುತ್ತದೆ. ಪ್ರೊಸೆಸರ್ ಬಿಸಿಯಾದಷ್ಟೂ ಮದರ್‌ಬೋರ್ಡ್ ಫ್ಯಾನನ್ನು ಜೋರಾಗಿ ತಿರುಗಿಸುತ್ತದೆ. ವೇಗವು 1,200ರಿಂದ 2,400 ಸುತ್ತಿಗೆ ಏರಿದರೆ ಗಾಳಿ ಇಮ್ಮಡಿಯಾಗುತ್ತದೆ, ಆದರೆ ಸದ್ದು ಸುಮಾರು 15 ಡೆಸಿಬೆಲ್ ಹೆಚ್ಚುತ್ತದೆ. 10 ಡೆಸಿಬೆಲ್ ಏರಿಕೆಯೇ ಕಿವಿಗೆ ಎರಡರಷ್ಟು ಜೋರಾಗಿ ಕೇಳುವುದರಿಂದ ಇದು ಸಣ್ಣ ಏರಿಕೆಯೇನಲ್ಲ.

ಮನೆಯ ವಿದ್ಯುತ್ ಒತ್ತಡದ ಏರಿಳಿತದಿಂದ ಈ ಫ್ಯಾನ್ ಸದ್ದು ಮಾಡುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಛಾವಣಿಯ ಫ್ಯಾನಿನ ವಿಷಯದಲ್ಲಿ ಅದು ನಿಜ. ಪ್ರೊಸೆಸರ್ ಫ್ಯಾನಿಗೆ ಎಸ್‌ಎಂಪಿಎಸ್ ಸ್ಥಿರವಾದ 12 ವೋಲ್ಟನ್ನೇ ಕೊಡುವುದರಿಂದ ಇಲ್ಲಿ ಆ ಮಾತು ಹೊಂದುವುದಿಲ್ಲ.

ದೂಳು ಮತ್ತು ಸೆಕೆ

ಬೆಳಗಾವಿ ಜಿಲ್ಲೆಯ ಉತ್ತರ ಭಾಗದ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳು ಈ ಸಮಸ್ಯೆಗೆ ಒಳ್ಳೆಯ ಉದಾಹರಣೆ. ಚಿಕ್ಕೋಡಿ ತಾಲ್ಲೂಕಿನ ಕಬ್ಬೂರದಂತಹ ಊರುಗಳಲ್ಲಿ ರಸ್ತೆಬದಿಯ ಝೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿಯ ಅಂಗಡಿಗಳು ಬಾಗಿಲು ತೆರೆದೇ ನಡೆಯುತ್ತವೆ. ಪೆಟ್ಟಿಗೆ ಹೆಚ್ಚಾಗಿ ನೆಲದ ಮೇಲೆಯೇ ಇರುತ್ತದೆ. ಎರೆಮಣ್ಣಿನ ದೂಳು ಬಹಳ ನುಣುಪು. ಕಬ್ಬಿನ ಕಟಾವಿನ ನಂತರ ಹೊಲದಲ್ಲಿ ರವದಿ ಸುಡುವಾಗ ಹಾರುವ ಬೂದಿಯೂ ಅದಕ್ಕೆ ಸೇರುತ್ತದೆ. ಬಟ್ಟೆಯ ಎಳೆ, ಕೂದಲುಗಳೊಡನೆ ಇವೆಲ್ಲ ಫ್ಯಾನಿಗೂ ಹೀಟ್‌ಸಿಂಕಿಗೂ ನಡುವೆ ಕಂಬಳಿಯಂತಹ ಪದರವಾಗಿ ಕೂರುತ್ತವೆ. ಮೇಲಿನಿಂದ ನೋಡಿದರೆ ರೆಕ್ಕೆಗಳು ಮಾತ್ರ ಕಾಣುವುದರಿಂದ ‘ಒಳಗೆ ಸ್ವಚ್ಛವಾಗಿಯೇ ಇದೆ’ ಎಂದು ಅನ್ನಿಸುವುದು ಸಹಜ.

ಸೆಕೆಯ ಪಾತ್ರವೂ ನೇರವಾದದ್ದು. ಹೀಟ್‌ಸಿಂಕ್ ಕೋಣೆಯ ಗಾಳಿಗಿಂತ ತಣ್ಣಗಾಗಲಾರದು. ಚಳಿಗಾಲದಲ್ಲಿ 24 ಡಿಗ್ರಿ ಇರುವ ಕೋಣೆ ಬೇಸಿಗೆಯಲ್ಲಿ 38 ಡಿಗ್ರಿಗೆ ಏರಿದರೆ, ಅದೇ ಕೆಲಸಕ್ಕೆ, ಅದೇ ವೇಗದ ಫ್ಯಾನಿನಡಿಯಲ್ಲಿ ಪ್ರೊಸೆಸರ್ ಕೂಡ ಸರಿಸುಮಾರು ಅಷ್ಟೇ ಡಿಗ್ರಿ ಮೇಲೇರುತ್ತದೆ. ಏಪ್ರಿಲ್ ಮಧ್ಯಾಹ್ನ ಫ್ಯಾನ್ ಕೂಗುವುದು ಇದೇ ಕಾರಣಕ್ಕೆ.

ಸದ್ದನ್ನು ಗುರುತಿಸುವುದು

ಮೊದಲು ಸದ್ದು ಯಾವ ಫ್ಯಾನಿನದು ಎಂಬುದನ್ನು ತಿಳಿಯಬೇಕು. ಪೆಟ್ಟಿಗೆಯ ಪಕ್ಕದ ಮುಚ್ಚಳ ತೆಗೆದು, ಕಾಗದವನ್ನು ಕೊಳವೆಯಂತೆ ಸುತ್ತಿ ಒಂದು ತುದಿಯನ್ನು ಕಿವಿಗೆ ಹಿಡಿದು, ಇನ್ನೊಂದನ್ನು ಒಂದೊಂದೇ ಫ್ಯಾನಿನ ಹತ್ತಿರ, ರೆಕ್ಕೆಗೆ ತಾಗದಂತೆ ಹಿಡಿದರೆ ಸಾಕು. ಎಸ್‌ಎಂಪಿಎಸ್ ಒಳಗಿನ ಫ್ಯಾನಿನದೇ ಸದ್ದಾಗಿದ್ದರೆ ಅದನ್ನು ಮನೆಯಲ್ಲಿ ಬಿಚ್ಚಬಾರದು. ಪ್ಲಗ್ ಕಿತ್ತ ಮೇಲೂ ಅದರ ಕೆಪ್ಯಾಸಿಟರುಗಳಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರಬಹುದು.

ಪ್ರೊಸೆಸರ್ ಫ್ಯಾನಿನದೇ ಎಂದು ಖಚಿತವಾದ ಮೇಲೆ ಸದ್ದಿನ ವೇಳೆಯನ್ನು ಗಮನಿಸುವುದು ಎಲ್ಲಕ್ಕಿಂತ ಉಪಯುಕ್ತ. ಬೆಳಿಗ್ಗೆ ಶಾಂತವಾಗಿದ್ದು, ಮಧ್ಯಾಹ್ನ ಅಥವಾ ಭಾರಿ ಕೆಲಸದ ವೇಳೆ ಸುಯ್ ಎಂದು ಏರುವ ಸದ್ದು ಶಾಖದ್ದು: ದೂಳು, ಒಣಗಿದ ಪೇಸ್ಟ್ ಅಥವಾ ಸಡಿಲಗೊಂಡ ಹೀಟ್‌ಸಿಂಕ್ ಇದರ ಹಿಂದಿರುತ್ತದೆ. ಇದಕ್ಕೆ ವ್ಯತಿರಿಕ್ತವಾಗಿ, ಚಳಿಯ ಬೆಳಿಗ್ಗೆ ಯಂತ್ರ ಹಚ್ಚಿದ ಕೂಡಲೇ ಗರಗರ ಎಂದು, ಕೆಲವು ನಿಮಿಷಗಳಲ್ಲಿ ತಾನಾಗಿಯೇ ಕಡಿಮೆಯಾಗುವ ಸದ್ದು ಬೇರಿಂಗಿನದು. ಒಳಗಿನ ಎಣ್ಣೆ ಗಟ್ಟಿಯಾಗಿದೆ ಅಥವಾ ಮುಗಿಯುತ್ತ ಬಂದಿದೆ ಎಂದರ್ಥ. ಒಂದೇ ಲಯದ ಟಕಟಕ ಸದ್ದಿಗೆ ರೆಕ್ಕೆಗೆ ತಾಗುತ್ತಿರುವ ತಂತಿ ಕಾರಣ. ಪೆಟ್ಟಿಗೆಯನ್ನು ಕೈಯಿಂದ ಒತ್ತಿದಾಗ ನಿಲ್ಲುವ ಗುಂಯ್‌ಗಾನ ಸಡಿಲ ಸ್ಕ್ರೂವಿನದು. ಕೀರಲು ಸದ್ದು ಫ್ಯಾನ್ ನಿಂತರೂ ಮುಂದುವರಿದರೆ ಅದು ಮದರ್‌ಬೋರ್ಡ್ ಅಥವಾ ಎಸ್‌ಎಂಪಿಎಸ್‌ನ ಕಾಯಿಲ್‌ಗಳ ಕಂಪನ. ಫ್ಯಾನ್ ಬದಲಿಸಿ ಪ್ರಯೋಜನವಿಲ್ಲ.

ಶುಚಿಗೊಳಿಸುವ ಕ್ರಮ

ಯಂತ್ರವನ್ನು ಆರಿಸಿ, ಪ್ಲಗ್ ಕಿತ್ತು, ಉಳಿದ ವಿದ್ಯುತ್ ಇಳಿಯಲೆಂದು ಪವರ್ ಗುಂಡಿಯನ್ನು ಕೆಲವು ಕ್ಷಣ ಒತ್ತಿ ಹಿಡಿಯಬೇಕು. ಬಳಿಕ ಪೆಟ್ಟಿಗೆಯನ್ನು ಅಂಗಳಕ್ಕೆ ಒಯ್ದು, ಒಣ ಬ್ರಷ್ ಮತ್ತು ಬ್ಲೋವರಿನಿಂದ ದೂಳು ತೆಗೆಯಬೇಕು. ಬ್ಲೋವರ್ ಬಳಸುವಾಗ ರೆಕ್ಕೆಗಳನ್ನು ಬೆರಳಿನಿಂದ ಹಿಡಿದಿರುವುದು ಅವಶ್ಯ. ಗಾಳಿಯ ಹೊಡೆತಕ್ಕೆ ಫ್ಯಾನ್ ಅತಿವೇಗವಾಗಿ ಸುತ್ತಿದರೆ ಬೇರಿಂಗ್ ಕೆಡುತ್ತದೆ. ಒದ್ದೆ ಬಟ್ಟೆ ಕೂಡದು. ಪದರ ಗಟ್ಟಿಯಾಗಿದ್ದರೆ ಫ್ಯಾನನ್ನು ಹೀಟ್‌ಸಿಂಕಿನಿಂದ ಬೇರ್ಪಡಿಸದೆ ಅದು ಹೋಗುವುದಿಲ್ಲ.

ಹೀಟ್‌ಸಿಂಕನ್ನೇ ತೆಗೆದರೆ ಹಳೆಯ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಬಟಾಣಿ ಕಾಳಿನಷ್ಟು ಹೊಸ ಪೇಸ್ಟ್ ಹಾಕಲೇಬೇಕು. ಎಎಂಡಿಯ ಎಎಂ4 ಮಾದರಿಗಳಲ್ಲಿ ಗಟ್ಟಿಯಾದ ಪೇಸ್ಟಿಗೆ ಅಂಟಿಕೊಂಡು ಪ್ರೊಸೆಸರೇ ಸಾಕೆಟ್ಟಿನಿಂದ ಕಿತ್ತು ಬರುವುದುಂಟು, ಪಿನ್ನುಗಳು ಬಾಗುವುದೂ ಉಂಟು. ಮೊದಲು ಯಂತ್ರವನ್ನು ಕೆಲಹೊತ್ತು ನಡೆಸಿ ಪೇಸ್ಟನ್ನು ಬೆಚ್ಚಗೆ ಮಾಡಿ, ಯಂತ್ರ ಆರಿಸಿದ ಮೇಲೆ ಹೀಟ್‌ಸಿಂಕನ್ನು ಮೆಲ್ಲನೆ ಅತ್ತಿತ್ತ ತಿರುವಿ ಬಿಡಿಸುವುದು ಸುರಕ್ಷಿತ.

ಇಂಟೆಲ್‌ನ ದುಂಡನೆಯ ಹೀಟ್‌ಸಿಂಕಿಗೆ ನಾಲ್ಕು ಪ್ಲಾಸ್ಟಿಕ್ ಗೂಟಗಳಿರುತ್ತವೆ. 2004ರ ಎಲ್‌ಜಿಎ 775 ಸಾಕೆಟ್ಟಿನಿಂದ ಮುಂದಿನ ಹಲವು ತಲೆಮಾರುಗಳವರೆಗೆ ಇದೇ ಪದ್ಧತಿ ಉಳಿಯಿತು. ಗ್ರಾಮೀಣ ಅಂಗಡಿಗಳಲ್ಲಿ ಕಂಡುಬರುವ ಹಳೆಯ ಜಿ41, ಎಚ್61 ಮದರ್‌ಬೋರ್ಡುಗಳೂ ಈ ಸಾಲಿನವು. ಗೂಟಗಳನ್ನು ಎದುರುಬದುರಾಗಿ ಎರಡೆರಡರಂತೆ, ಟಕ್ ಎನ್ನುವವರೆಗೆ ಒತ್ತಬೇಕು. ಒಂದೇ ಗೂಟ ಕೂರದಿದ್ದರೂ ಹೀಟ್‌ಸಿಂಕ್ ಓರೆಯಾಗಿ, ಪ್ರೊಸೆಸರ್ ಕಾದು, ಶುಚಿಗೊಳಿಸಿದ ಮರುಗಳಿಗೆಯೇ ಫ್ಯಾನ್ ಹಿಂದಿಗಿಂತ ಜೋರಾಗಿ ಕೂಗುತ್ತದೆ.

ಎಣ್ಣೆ ಹಾಕುವುದು

ಸ್ಲೀವ್ ಬೇರಿಂಗ್ ಇರುವ ಫ್ಯಾನಿನ ನಡುಭಾಗದ ಸ್ಟಿಕರ್ ಎತ್ತಿ ಒಂದು ಹನಿ ಹೊಲಿಗೆ ಯಂತ್ರದ ಎಣ್ಣೆ ಬಿಟ್ಟರೆ ಸದ್ದು ಕೆಲಕಾಲ ಅಡಗುತ್ತದೆ. ಮನೆಯಲ್ಲಿ ಸಿಗುವ ಕೊಬ್ಬರಿ ಎಣ್ಣೆಯನ್ನು ಬಳಸಬಾರದು: ಅದು ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುವುದರಿಂದ ಚಳಿಗಾಲದ ಬೆಳಿಗ್ಗೆ ಫ್ಯಾನ್ ತಿರುಗದೆ ಹೋಗಬಹುದು. ತುಕ್ಕು ಬಿಡಿಸುವ ಸ್ಪ್ರೇಗಳು ಇದ್ದ ಎಣ್ಣೆಯನ್ನೂ ತೊಳೆದುಬಿಡುತ್ತವೆ. ಸವೆದ ಬೇರಿಂಗಿಗೆ ಎಣ್ಣೆ ತಾತ್ಕಾಲಿಕ ಉಪಾಯವಷ್ಟೇ, ಫ್ಯಾನ್ ಬದಲಿಸುವುದೇ ಸರಿ.

ಸದ್ದು ನಿಂತಾಗ

ಗರಗರ ಎನ್ನುತ್ತಿದ್ದ ಫ್ಯಾನ್ ಒಂದು ದಿನ ಸುಮ್ಮನಾದರೆ ಅದು ನಿಂತೇಹೋಗಿರುವ ಸಾಧ್ಯತೆ ಹೆಚ್ಚು. ಆಗ ಪ್ರೊಸೆಸರ್ ತನ್ನ ಮಿತಿಯನ್ನು ಮುಟ್ಟುತ್ತದೆ. ಅನೇಕ ಇಂಟೆಲ್ ಪ್ರೊಸೆಸರುಗಳಲ್ಲಿ ಇದು 100 ಡಿಗ್ರಿ, ಎಎಂಡಿ ರೈಜನ್ ಸಾಲಿನ ಹಲವುಗಳಲ್ಲಿ 95 ಡಿಗ್ರಿ ಸೆಲ್ಸಿಯಸ್. ಮಿತಿ ಮುಟ್ಟಿದ ಪ್ರೊಸೆಸರ್ ತಾನಾಗಿಯೇ ನಿಧಾನವಾಗುತ್ತದೆ, ಶಾಖ ಇನ್ನೂ ಏರಿದರೆ ಯಂತ್ರ ಥಟ್ಟನೆ ಆರಿಹೋಗುತ್ತದೆ. ಪ್ರೊಸೆಸರ್ ಸುಡದಿದ್ದರೂ ಉಳಿಸದ ಕೆಲಸ, ಅರ್ಧ ತುಂಬಿದ ಅರ್ಜಿ ಹೋದಂತೆಯೇ. ಯಂತ್ರ ಹಚ್ಚಿದಾಗ ಪರದೆಯಲ್ಲಿ ಬರುವ ‘ಸಿಪಿಯು ಫ್ಯಾನ್ ಎರರ್’ ಎಂಬ ಎಚ್ಚರಿಕೆಯನ್ನು ಎಫ್1 ಒತ್ತಿ ದಾಟಿಹೋಗುವ ಅಥವಾ ಬಯೋಸ್‌ನಲ್ಲಿ ಕಡೆಗಣಿಸುವಂತೆ ಹೊಂದಿಸುವ ಅಭ್ಯಾಸ ಈ ಕಾರಣದಿಂದ ಅಪಾಯಕಾರಿ. ಬಯೋಸ್‌ನ ಹಾರ್ಡ್‌ವೇರ್ ಮಾನಿಟರ್ ಪುಟದಲ್ಲಿ ಫ್ಯಾನಿನ ವೇಗ ಮತ್ತು ಪ್ರೊಸೆಸರಿನ ಉಷ್ಣತೆ ಎರಡೂ ಕಾಣುತ್ತವೆ. ಉಷ್ಣತೆ ಕಡಿಮೆಯಿದ್ದೂ ಫ್ಯಾನ್ ಪೂರ್ಣ ವೇಗದಲ್ಲಿದ್ದರೆ ಅಲ್ಲಿಯೇ ವೇಗದ ಹೊಂದಾಣಿಕೆಯನ್ನು ಸ್ವಯಂಚಾಲಿತಕ್ಕೆ ಬದಲಿಸಬಹುದು. ಉಷ್ಣತೆ ಹೆಚ್ಚಿರುವಾಗ ಸದ್ದು ತಗ್ಗಿಸಲೆಂದು ಅಲ್ಲಿ ವೇಗವನ್ನು ಇಳಿಸಬಾರದು.