ಬಾರದ ರೋಗಿಯ ಲೆಕ್ಕ

ನವೆಂಬರ್ ಬಂತೆಂದರೆ ನೆದರ್‌ಲ್ಯಾಂಡ್ಸಿನ ಕನ್ನಡಿಗರಿಗೆ ಎರಡು ಸಂಗತಿ ಒಟ್ಟಿಗೇ ಬರುತ್ತವೆ. ಒಂದು ರಾಜ್ಯೋತ್ಸವದ ಸಂಭ್ರಮ, ಇನ್ನೊಂದು ಬರುವ ವರ್ಷದ ಆರೋಗ್ಯ ವಿಮೆಯ ಕಂತು ಎಷ್ಟೆಂದು ತಿಳಿಸುವ ಪತ್ರ. ಹಾಗಾಗಿ ನಮ್ಮ ಹಬ್ಬದೂಟದ ಪಂಕ್ತಿಯಲ್ಲಿ ಹೋಳಿಗೆ-ತುಪ್ಪದ ಜತೆಗೆ "ನಿಮ್ಮದು ಯಾವ ಇನ್ಶೂರೆನ್ಸು? ತಿಂಗಳಿಗೆ ಎಷ್ಟು ಕಟ್ತೀರಿ?" ಎಂಬ ಮಾತೂ ಬಡಿಸಿಕೊಂಡು ಹೋಗುತ್ತದೆ.

ಹಿಂದೊಮ್ಮೆ ಇಂಥದೇ ಪಂಕ್ತಿಯಲ್ಲಿ ಪಕ್ಕದಲ್ಲಿ ಕುಳಿತಿದ್ದ ಮಿತ್ರರೊಬ್ಬರು ಕೇಳಿದರು: "ಡಾಕ್ಟ್ರೇ, ಇಲ್ಲಿಗೆ ಬಂದು ಎಂಟು ವರ್ಷ ಆಯ್ತು. ಕಟ್ಟಿದ್ದೇ ಕಟ್ಟಿದ್ದು. ಒಂದು ದಿನವೂ ಆಸ್ಪತ್ರೆಯ ಮೆಟ್ಟಿಲು ಹತ್ತಲಿಲ್ಲ. ಇದು ದುಡ್ಡು ದಂಡ ಅಲ್ವಾ?" ಆ ಹೊತ್ತಿಗೆ ನಕ್ಕು ಸುಮ್ಮನಾದೆ. ಆದರೆ ಪ್ರಶ್ನೆ ತಲೆಯಲ್ಲಿ ಉಳಿಯಿತು. ನಾನು ಓದಿದ್ದು ಎಂ.ಬಿ.ಬಿ.ಎಸ್., ಎಂ.ಡಿ.; ಅರ್ಥಶಾಸ್ತ್ರ ಅಲ್ಲ. ಆದರೂ ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಅರ್ಥಶಾಸ್ತ್ರಜ್ಞರು ಬರೆದದ್ದನ್ನು ಓದತೊಡಗಿದೆ. ಓದುತ್ತ ಹೋದಂತೆ ನನ್ನ ವೃತ್ತಿಯ ಆರಂಭದ ದಿನಗಳ ಒಂದು ಘಟನೆ ಮತ್ತೆ ಮತ್ತೆ ಎದುರು ಬಂದು ನಿಂತಿತು.

"ಹಣ ಹೊಂದಿಸ್ಕೊಂಡು ಬರ್ತೀವಿ ಸಾರ್"

1990ರ ದಶಕದ ಕೊನೆಯ ಮಾತು. ಎಂ.ಡಿ. ಮುಗಿಸಿ ದಾವಣಗೆರೆ ಕಡೆ ಕೆಲಸಕ್ಕೆ ಸೇರಿದ ಹೊಸತು. ತುಂಗಭದ್ರೆಯ ಆಚೆ ದಡದ ಹಳ್ಳಿಯಿಂದ ಒಬ್ಬ ರೈತ ತನ್ನ ಮಗಳನ್ನು ಕರೆತಂದಿದ್ದ. ಇಪ್ಪತ್ತು ತುಂಬಿರಲಿಕ್ಕಿಲ್ಲ. ನಾಲ್ಕು ಹೆಜ್ಜೆ ನಡೆದರೆ ಏದುಸಿರು, ಪಾದದಲ್ಲಿ ಬಾವು. ಚಿಕ್ಕಂದಿನಲ್ಲಿ ಬಂದ ರುಮ್ಯಾಟಿಕ್ ಜ್ವರದಿಂದ ಹೃದಯದ ಕವಾಟ ಕಿರಿದಾಗಿತ್ತು. ಬೆಂಗಳೂರಿಗೆ ಹೋಗಿ ಬಲೂನು ಹಾಕಿಸಿ ಕವಾಟ ಅಗಲ ಮಾಡಿಸಿಕೊಂಡರೆ ಹುಡುಗಿ ಎಲ್ಲರಂತೆ ಬಾಳಬಹುದಿತ್ತು. ಎಷ್ಟು ಖರ್ಚಾದೀತು ಎಂದು ಹೇಳಿದೆ. ಆತ ಚೀಟಿಯನ್ನು ನಾಲ್ಕಾಗಿ ಮಡಿಸಿ ಅಂಗಿಯ ಜೇಬಿಗಿಟ್ಟುಕೊಂಡು, "ಈ ಸಲದ ಬೆಳೆ ಬರ್ಲಿ ಸಾರ್, ಹಣ ಹೊಂದಿಸ್ಕೊಂಡು ಬರ್ತೀವಿ" ಎಂದ.

ಅವರು ಮತ್ತೆ ಬರಲಿಲ್ಲ. ನಾನೂ ವಿಚಾರಿಸಲಿಲ್ಲ. ಹೊರಗೆ ಇನ್ನೂ ನಲವತ್ತು ಜನ ಕಾಯುತ್ತಿದ್ದರು. ನನ್ನ ರಿಜಿಸ್ಟರಿನಲ್ಲಿ ಉಳಿದದ್ದು ಒಂದೇ ಸಾಲು: ಹೆಸರು, ವಯಸ್ಸು, 'ಹೆಚ್ಚಿನ ಚಿಕಿತ್ಸೆಗೆ ಸೂಚಿಸಲಾಗಿದೆ'.

ವೈದ್ಯನಿಗೆ ಕಾಣುವುದು ಬಂದ ರೋಗಿ ಮಾತ್ರ. ಬಾರದೆ ಉಳಿದವರ ಲೆಕ್ಕ ಯಾವ ಆಸ್ಪತ್ರೆಯ ಪುಸ್ತಕದಲ್ಲೂ ಇರುವುದಿಲ್ಲ. ಆರೋಗ್ಯ ವಿಮೆಯನ್ನು ಅಧ್ಯಯನ ಮಾಡುವ ಅರ್ಥಶಾಸ್ತ್ರಜ್ಞರು ಹುಡುಕುವುದು ಆ ಲೆಕ್ಕವನ್ನೇ.

ಹೋಲಿಸುವುದು ಹೇಗೆ?

ವಿಮೆ ಇದ್ದವರನ್ನೂ ಇಲ್ಲದವರನ್ನೂ ಅಕ್ಕಪಕ್ಕ ನಿಲ್ಲಿಸಿ ಎಣಿಸಿದರೆ ಸಾಲದೇ? ಸಾಲದು. ಕಾಯಿಲೆಯ ಸುಳಿವು ಸಿಕ್ಕವರೇ ಮೊದಲು ವಿಮೆ ಮಾಡಿಸುತ್ತಾರೆ. ಓದಿದವರು, ಸಂಬಳದವರು ಕೂಡ ಮೊದಲು ಮಾಡಿಸುತ್ತಾರೆ. ಆಗ ಕಾಣುವ ವ್ಯತ್ಯಾಸ ವಿಮೆಯದೋ ಮನುಷ್ಯರದೋ ಹೇಳುವುದು ಕಷ್ಟ. ಅದಕ್ಕೇ ಎರಡು ದಾರಿ. ಚೀಟಿ ಎತ್ತಿ ಕೆಲವರಿಗೆ ಕೊಟ್ಟು ಕೆಲವರಿಗೆ ಕೊಡದೆ ನೋಡುವುದು ಒಂದು. ಸರ್ಕಾರದ ಆದೇಶವೇ ಎಲ್ಲೋ ಒಂದು ಗೆರೆ ಎಳೆದಿದ್ದರೆ, ಆ ಗೆರೆಯ ಎರಡು ಬದಿಯನ್ನು ಹೋಲಿಸುವುದು ಇನ್ನೊಂದು.

ಮೊದಲ ದಾರಿಯ ಹೆಸರಾಂತ ಪ್ರಯೋಗ 1974ರಿಂದ 1982ರವರೆಗೆ ಅಮೆರಿಕದಲ್ಲಿ ರ್‍ಯಾಂಡ್ ಸಂಸ್ಥೆ ನಡೆಸಿದ್ದು. ಕೆಲವು ಕುಟುಂಬಗಳಿಗೆ ಚಿಕಿತ್ಸೆ ಪೂರ್ತಿ ಉಚಿತ, ಉಳಿದವರು ಬೇರೆ ಬೇರೆ ಪ್ರಮಾಣದಲ್ಲಿ ಕೈಯಿಂದ ಹಾಕಬೇಕು. ಕೈಯಿಂದ ಹಾಕಬೇಕಾದವರು ವೈದ್ಯರ ಬಳಿ ಹೋಗುವುದನ್ನು ಕಡಿಮೆ ಮಾಡಿದರು. ಒಟ್ಟಾರೆ ಸರಾಸರಿ ಆರೋಗ್ಯವೇನೂ ಕೆಡಲಿಲ್ಲ. ಆದರೆ ಅವರು ಕಡಿಮೆ ಮಾಡಿದ್ದು ಅನವಶ್ಯಕ ಚಿಕಿತ್ಸೆಯನ್ನಷ್ಟೇ ಅಲ್ಲ, ಅವಶ್ಯಕವಾದದ್ದನ್ನೂ ಸಮಸಮವಾಗಿ. ರಕ್ತದೊತ್ತಡವಿದ್ದ ಬಡವರಿಗೆ ಇದರಿಂದ ಪೆಟ್ಟಾಯಿತು. ಜೇಬು ನೋಡಿ ನಿರ್ಧಾರ ಮಾಡುವಾಗ ಯಾವುದು ಬೇಕು, ಯಾವುದು ಬೇಡ ಎಂಬ ವಿವೇಚನೆ ಸಾಮಾನ್ಯರಿಗೆ ಸುಲಭವಲ್ಲ.

ಹೊಳೆಯ ಆಚೆ, ಹೊಳೆಯ ಈಚೆ

ಎರಡನೆಯ ದಾರಿಯ ಉದಾಹರಣೆ ನಮ್ಮ ಕರ್ನಾಟಕದಲ್ಲೇ ಇದೆ.

2003ರಲ್ಲಿ ಸಹಕಾರ ಸಂಘಗಳ ರೈತರಿಗಾಗಿ ಯಶಸ್ವಿನಿ ಯೋಜನೆ ಜಾರಿಗೆ ಬಂದದ್ದು ನಿಮಗೆ ನೆನಪಿರಬಹುದು. ಡಾ. ದೇವಿ ಶೆಟ್ಟಿಯವರ ಪ್ರೇರಣೆಯ ಯೋಜನೆ; ಆರಂಭದಲ್ಲಿ ವರ್ಷಕ್ಕೆ ತಲೆಗೆ 60 ರೂಪಾಯಿ ಕಂತು. ಆಮೇಲೆ 2010ರಲ್ಲಿ ರಾಜ್ಯ ಸರ್ಕಾರ ವಾಜಪೇಯಿ ಆರೋಗ್ಯಶ್ರೀ ಆರಂಭಿಸಿತು. ಬಿ.ಪಿ.ಎಲ್. ಕಾರ್ಡು ಇದ್ದರೆ ಸಾಕು, ಕಂತು ಇಲ್ಲ. ಹೃದಯ, ಕ್ಯಾನ್ಸರ್, ಮೂತ್ರಪಿಂಡ, ಸುಟ್ಟಗಾಯದಂಥ ದೊಡ್ಡ ಕಾಯಿಲೆಗಳಿಗೆ ಒಪ್ಪಂದದ ಆಸ್ಪತ್ರೆಗಳಲ್ಲಿ ನಗದಿಲ್ಲದೆ ಚಿಕಿತ್ಸೆ. ಮೊದಲು ಗುಲ್ಬರ್ಗಾ ವಿಭಾಗ, ಆಮೇಲೆ ಬೆಳಗಾವಿ ವಿಭಾಗ. ದಕ್ಷಿಣದ ಜಿಲ್ಲೆಗಳು 2012ರವರೆಗೆ ಕಾಯಬೇಕಾಯಿತು.

ಆ ಕಡೆಯವರಿಗೆ ಇದರ ಅರ್ಥ ತಕ್ಷಣ ಹೊಳೆಯುತ್ತದೆ. ಹರಿಹರದ ಸೇತುವೆಯ ಈ ತುದಿ ದಾವಣಗೆರೆ ಜಿಲ್ಲೆ, ಆ ತುದಿ ಹಾವೇರಿ ಜಿಲ್ಲೆ. ಅದೇ ನೀರು, ಅದೇ ಜೋಳ-ಮೆಕ್ಕೆಜೋಳ, ಅದೇ ಸಂತೆ, ಹೆಣ್ಣು ಕೊಡುವುದು ತರುವುದು ಎಲ್ಲ ಒಂದೇ. ಎರಡು ವರ್ಷ ಕಾಲ ಅವರ ನಡುವೆ ಇದ್ದ ದೊಡ್ಡ ವ್ಯತ್ಯಾಸ ಎಂದರೆ ಈ ಯೋಜನೆ.

ನೀರಜ್ ಸೂದ್, ಎರಾನ್ ಬೆಂಡವಿಡ್, ಬೆಂಗಳೂರು ಐ.ಐ.ಎಂ.ನ ಅರ್ನಬ್ ಮುಖರ್ಜಿ ಮೊದಲಾದವರು ಇಂಥ ಗಡಿಯ ಆಚೀಚೆಯ ಹಳ್ಳಿಗಳನ್ನು ಹೋಲಿಸಿದರು. ಯೋಜನೆ ಇದ್ದ 300 ಹಳ್ಳಿ, ಇಲ್ಲದ 272 ಹಳ್ಳಿ. ಎರಡೂ ಕಡೆ ಸೇರಿ ಸುಮಾರು 60 ಸಾವಿರ ಮನೆಗಳು. ಫಲಿತಾಂಶ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಯೋಜನೆಗೆ ಒಳಪಟ್ಟ ಕಾಯಿಲೆಗಳಿಂದಾದ ಸಾವಿನ ಪ್ರಮಾಣ ಗಡಿಯ ಈಚೆ, ಅಂದರೆ ಯೋಜನೆ ಇಲ್ಲದ ಕಡೆ, ಬಡ ಕುಟುಂಬಗಳಲ್ಲಿ ಶೇ. 0.90, ಯೋಜನೆ ಇದ್ದ ಕಡೆ ಶೇ. 0.32. ದೊಡ್ಡ ಆಸ್ಪತ್ರೆಗೆ ಸೇರಿದಾಗ ಕೈಯಿಂದ ಆಗುವ ಖರ್ಚೂ ಸುಮಾರು ಮೂರನೇ ಎರಡು ಭಾಗ ಇಳಿದಿತ್ತು. ಇದು ಮನೆಯವರು ಹೇಳಿದ್ದನ್ನು ನಂಬಿ ಮಾಡಿದ ಲೆಕ್ಕ, ಒಂದು ಅಧ್ಯಯನ ಮಾತ್ರ ಎಂಬ ಎಚ್ಚರ ಇರಲಿ. ಆದರೂ ಆ ಎರಡು ಅಂಕಿಗಳನ್ನು ಓದಿದ ದಿನ ನಾನು ಪತ್ರಿಕೆ ಮಡಿಸಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆ. ನನ್ನ ರೋಗಿಯ ಊರು ಇದ್ದದ್ದು ಹೊಳೆಯ ಆಚೆ. ಯೋಜನೆ ಬಂದದ್ದು ಹತ್ತು ವರ್ಷಕ್ಕೂ ಹೆಚ್ಚು ತಡವಾಗಿ.

ಕಾರ್ಡು ಇದ್ದರೆ ಸಾಕೇ?

ಇಷ್ಟು ಓದಿ "ಹಾಗಾದರೆ ಎಲ್ಲರಿಗೂ ಕಾರ್ಡು ಕೊಟ್ಟುಬಿಡಲಿ" ಎನ್ನುವಂತಿಲ್ಲ. ಕರ್ನಾಟಕದಲ್ಲೇ ನಡೆದ ಇನ್ನೊಂದು ಪ್ರಯೋಗ ಬೇರೆ ಪಾಠ ಹೇಳುತ್ತದೆ. ಅನೂಪ್ ಮಲಾನಿ ಮತ್ತು ಸಂಗಡಿಗರು ಮೈಸೂರು, ಕಲಬುರಗಿ ಜಿಲ್ಲೆಗಳ ಹತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳಲ್ಲಿ ಚೀಟಿ ಎತ್ತಿದಂತೆ ಕೆಲವರಿಗೆ ಆಸ್ಪತ್ರೆ ವಿಮೆಯನ್ನು ಉಚಿತವಾಗಿ ಕೊಟ್ಟರು, ಕೆಲವರಿಗೆ ಮಾರಿದರು, ಕೆಲವರಿಗೆ ಕೊಡಲಿಲ್ಲ. ಉಚಿತವೆಂದಾಗ ಶೇ. 79 ಮಂದಿ, ದುಡ್ಡು ಕೊಡಿ ಎಂದಾಗಲೂ ಶೇ. 60 ಮಂದಿ ಸೇರಿದರು. ಆದರೆ 2021ರಲ್ಲಿ ಹೊರಬಂದ ವರದಿಯ ಪ್ರಕಾರ ಆರೋಗ್ಯದಲ್ಲಿ ಎದ್ದುಕಾಣುವ ಬದಲಾವಣೆ ಆಗಲಿಲ್ಲ. ಬಹಳ ಜನಕ್ಕೆ ಕೈಯಲ್ಲಿದ್ದ ವಿಮೆಯನ್ನು ಬಳಸಲು ಸಾಧ್ಯವೇ ಆಗಲಿಲ್ಲ.

ಅದೇ ವರದಿಯಲ್ಲಿ ನನಗೆ ಹಿಡಿಸಿದ ಇನ್ನೊಂದು ಮಾತಿದೆ. ಊರಿನಲ್ಲಿ ವಿಮೆ ಇದ್ದ ಮನೆಗಳು ಹೆಚ್ಚಾದಷ್ಟೂ ಅದನ್ನು ಬಳಸಿಕೊಂಡವರೂ ಹೆಚ್ಚಾದರು. ಬಹುಶಃ ಜನ ನೆರೆಮನೆಯವರನ್ನು ನೋಡಿ ಕಲಿತರು.

ನಮ್ಮ ಡಚ್ ಮನೆಯೊಳಗೆ

ಈಗ ನಮ್ಮ ಈ ತಗ್ಗುನಾಡಿಗೆ ಬರೋಣ. 2006ರ ಕಾನೂನಿನ ಪ್ರಕಾರ ಇಲ್ಲಿ ಎಲ್ಲರೂ ಖಾಸಗಿ ಕಂಪನಿಯಿಂದ ಮೂಲ ವಿಮೆ ಕೊಳ್ಳಲೇಬೇಕು. ಕಂಪನಿ ಯಾರನ್ನೂ ಬೇಡವೆನ್ನುವಂತಿಲ್ಲ. ಸಕ್ಕರೆ ಕಾಯಿಲೆಯವರಿಗೆ ಹೆಚ್ಚು ಕಂತು ಕೇಳುವಂತಿಲ್ಲ. ಹಾಗಾದರೆ ರೋಗಿಗಳೇ ಹೆಚ್ಚಿರುವ ಕಂಪನಿ ಮುಳುಗುವುದಿಲ್ಲವೇ? ಅದಕ್ಕೆಂದೇ ಒಂದು ಸಾಮಾನ್ಯ ನಿಧಿ ಇದೆ. ವಯಸ್ಸಾದವರು, ದೀರ್ಘಕಾಲದ ರೋಗಿಗಳು ಹೆಚ್ಚಿದ್ದ ಕಂಪನಿಗೆ ಅದರಿಂದ ಹೆಚ್ಚು ಪಾಲು. ಹದಿನೆಂಟರ ಒಳಗಿನ ಮಕ್ಕಳಿಗೆ ಕಂತೇ ಇಲ್ಲ.

ಜನರನ್ನು ಹೆದರಿಸುವುದು 'ಎಯ್ಗನ್ ರಿಸಿಕೊ', ಅಂದರೆ ವರ್ಷದಲ್ಲಿ ಮೊದಲು ನಾವೇ ಭರಿಸಬೇಕಾದ ಮೊತ್ತ. 2008ರಲ್ಲಿ 150 ಯೂರೋ ಇದ್ದದ್ದು 2016ಕ್ಕೆ 385 ಯೂರೋ ಆಯಿತು. ಇಂಥ ಶುಲ್ಕ ಏನು ಮಾಡಬಲ್ಲದು ಎಂಬುದಕ್ಕೆ ಈ ದೇಶದಲ್ಲೇ ಸಾಕ್ಷಿ ಇದೆ. 2012ರಲ್ಲಿ ಮಾನಸಿಕ ಕಾಯಿಲೆಯ ಚಿಕಿತ್ಸೆಗೆ ವಯಸ್ಕರು ವರ್ಷಕ್ಕೆ 200 ಯೂರೋವರೆಗೆ ಪ್ರತ್ಯೇಕವಾಗಿ ಕೊಡಬೇಕೆಂದು ಮಾಡಿದರು. ಹದಿನೆಂಟರ ಒಳಗಿನವರಿಗೆ ಈ ಶುಲ್ಕ ಇರಲಿಲ್ಲವಾದ್ದರಿಂದ ಸಂಶೋಧಕರಿಗೆ ಹೋಲಿಕೆಗೆ ಒಂದು ಗೆರೆ ಸಿಕ್ಕಿತು. ಹೊಸದಾಗಿ ಚಿಕಿತ್ಸೆ ಆರಂಭಿಸಿದ ವಯಸ್ಕರು ಶೇ. 13ರಷ್ಟು ಕಡಿಮೆಯಾದರು. ಅದೇ ಹೊತ್ತಿಗೆ ತುರ್ತು ಚಿಕಿತ್ಸೆ ಶೇ. 25ರಷ್ಟು ಏರಿತು, ಇಚ್ಛೆಗೆ ವಿರುದ್ಧವಾಗಿ ಆಸ್ಪತ್ರೆಗೆ ಸೇರಿಸಬೇಕಾದ ಪ್ರಕರಣಗಳು ಹತ್ತಿರ ಹತ್ತಿರ ಎರಡು ಪಟ್ಟಾದವು. ಬಾಗಿಲಲ್ಲಿ ಉಳಿಸಿದ ಹಣ ಹಿತ್ತಲಿನಲ್ಲಿ ಸೋರಿಹೋಯಿತು. ಮರುವರ್ಷವೇ ಆ ಶುಲ್ಕವನ್ನು ಕೈಬಿಟ್ಟರು.

ನಮ್ಮ ಮನೆಗಳಲ್ಲೂ ಬಾರದ ರೋಗಿಗಳಿದ್ದಾರೆ. ಎದೆ ಉರಿಯೆಂದು ಆರು ತಿಂಗಳು ತಳ್ಳಿದ ಯಜಮಾನರು, "ಹೋದರೆ ಪ್ಯಾರಾಸೆಟಮಾಲ್ ತಗೊಂಡು ಮಲಗಿ ಅಂತಾರೆ, ಮೇಲೆ ಎಯ್ಗನ್ ರಿಸಿಕೊ ಬೇರೆ" ಎಂದು ಖಿನ್ನತೆಯನ್ನು ನುಂಗಿಕೊಂಡ ಗೃಹಿಣಿ, ಇಂಥವರು ನನಗೆ ಸಿಗುವುದು ಹಬ್ಬದೂಟದಲ್ಲೇ. ಆದ್ದರಿಂದ ಕೆಲವು ಮಾತು ಬರೆದಿಟ್ಟುಕೊಳ್ಳಿ. ಹೌಸ್‌ಆರ್ಟ್ಸ್, ಅಂದರೆ ನಮ್ಮ ಕುಟುಂಬ ವೈದ್ಯರನ್ನು ಕಾಣುವುದಕ್ಕೆ ಎಯ್ಗನ್ ರಿಸಿಕೊ ತಗಲುವುದಿಲ್ಲ. ಅವರು ಬರೆದುಕೊಡುವ ರಕ್ತಪರೀಕ್ಷೆ, ಔಷಧಿಗೆ ತಗಲಬಹುದು. ಹೆರಿಗೆಯ ಆರೈಕೆಗೆ, ಮಕ್ಕಳ ಮೂಲ ವಿಮೆಯ ಚಿಕಿತ್ಸೆಗೆ ತಗಲುವುದಿಲ್ಲ. ಕಂಪನಿ ಬದಲಿಸುವುದಿದ್ದರೆ ಡಿಸೆಂಬರ್ 31ರೊಳಗೆ ಹಳೆಯದನ್ನು ಬಿಡಬೇಕು.

ಊರಿನಲ್ಲಿರುವ ಅಪ್ಪ-ಅಮ್ಮನಿಗೂ ಈ ಭಾನುವಾರದ ಫೋನಿನಲ್ಲಿ ಒಂದು ಮಾತು ಕೇಳಿ: ಯಾವ ವಿಮೆ ಇದೆ, ಕಾರ್ಡು ಎಲ್ಲಿದೆ, ಯಾವ ಆಸ್ಪತ್ರೆಗೆ ಹೋದರೆ ನಡೆಯುತ್ತದೆ? 2018ರಲ್ಲಿ ಬಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದ್ದರೆ, ಎ.ಪಿ.ಎಲ್. ಕುಟುಂಬಕ್ಕೆ ಸರ್ಕಾರ ಭರಿಸುವುದೆಂದು ಗೊತ್ತುಮಾಡಿದ್ದು ಖರ್ಚಿನ ಶೇ. 30 ಮಾತ್ರ. ನಮ್ಮಲ್ಲಿ ಹೆಚ್ಚಿನವರ ತಂದೆತಾಯಿ ಈ ಎರಡನೆಯ ಗುಂಪಿನವರು. ಉಳಿದದ್ದನ್ನು ಮೊದಲೇ ಯೋಚಿಸಬೇಕಾದವರು ನಾವು.

ಇನ್ನು ಮಿತ್ರರ ಪ್ರಶ್ನೆ. ದುಡ್ಡು ದಂಡವೇ? ಅಲ್ಲ, ಅದು ಮುಯ್ಯಿ. ನೆರೆಯವರ ಮನೆಯ ಮದುವೆಗೆ ಹೋಗಿ ಮುಯ್ಯಿ ಕೊಟ್ಟು ಬರುತ್ತೇವೆ. ನಮ್ಮ ಮನೆಯಲ್ಲಿ ಕೆಲಸ ಬಂದಾಗ ಅವರು ಬರುತ್ತಾರೆ ಎಂಬ ನಂಬಿಕೆ. ವಿಮೆಯಲ್ಲಿ ಯಾರ ಹೆಸರನ್ನೂ ಬರೆದುಕೊಳ್ಳುವುದಿಲ್ಲ ಅಷ್ಟೇ. ನಿಮ್ಮ ಎಂಟು ವರ್ಷದ ಕಂತಿನಲ್ಲಿ ಯಾವುದೋ ಊರಿನ ಹುಡುಗಿಯೊಬ್ಬಳ ಕವಾಟ ತೆರೆದಿರಬಹುದು. ಅವಳಪ್ಪ ಬೆಳೆ ಬರುವವರೆಗೆ ಕಾಯಬೇಕಾಗಿರಲಿಲ್ಲ.

ಹಳ್ಳಿಯ ಜನ ನೆರೆಯವರಿಂದ ಕಲಿತರು ಎಂದೆನಲ್ಲ, ಪರದೇಶದಲ್ಲಿ ನಮಗೆ ನೆರೆಹೊರೆ ಎಂದರೆ ನಮ್ಮ ಸಂಘವೇ. ಹೋಳಿಗೆ ಬಡಿಸುವಾಗ ಪಕ್ಕದವರ ಆರೋಗ್ಯವನ್ನೂ ಒಂದು ಮಾತು ವಿಚಾರಿಸಿ. "ಹೌಸ್‌ಆರ್ಟ್ಸ್ ಹತ್ತಿರ ಹೋದಿರಾ?" ಎಂದು ಕೇಳುವುದಕ್ಕೆ ಯಾವ ಶುಲ್ಕವೂ ಇಲ್ಲ. ನಾನು ಅಂದು ಆ ರೈತನನ್ನು ಕೇಳಬೇಕಾಗಿತ್ತು.

ಎಲ್ಲರಿಗೂ ಕನ್ನಡ ರಾಜ್ಯೋತ್ಸವದ ಶುಭಾಶಯಗಳು. ಆರೋಗ್ಯವಾಗಿರಿ.