ಸೂರತ್‌ನ ದುಡ್ಡು, ಫ್ಲೋರಿಡಾದ ವಕೀಲ

ಸೂರತ್‌ನ ವರಾಛಾದಲ್ಲಿ ವಜ್ರದ ವ್ಯಾಪಾರ ಇವತ್ತಿಗೂ ರಸ್ತೆ ಬದಿಯಲ್ಲೇ ನಡೆಯುತ್ತದೆ. ಮಡಿಸಿದ ಕಾಗದದ ಪೊಟ್ಟಣ ಕೈಯಿಂದ ಕೈಗೆ ಹೋಗುತ್ತದೆ, ಬಾಯಿಮಾತೇ ಕರಾರು. ಸೌರಾಷ್ಟ್ರದ ಹಳ್ಳಿಗಳಿಂದ ಬಂದವರ ಈ ಬಡಾವಣೆಯಲ್ಲಿ ಪರಿಚಯದವನ ಮಾತಿಗೆ ಇರುವ ಬೆಲೆ ಸ್ಟಾಂಪ್ ಪೇಪರಿಗೂ ಇಲ್ಲ.

ನೋಟು ರದ್ದಾದ 2016ರ ಹೊತ್ತಿಗೆ ಈ ನಗರದ ನಂಟಿರುವ ಸತೀಶ್ ಕುಂಭಾಣಿಯ ಬಿಟ್‌ಕನೆಕ್ಟ್ ಎಂಬ ಕ್ರಿಪ್ಟೊ ಹೂಡಿಕೆ ಯೋಜನೆ ಹುಟ್ಟಿಕೊಂಡಿತು. ಬಿಟ್‌ಕಾಯಿನ್ ಕೊಟ್ಟರೆ ನಮ್ಮ ಸಾಫ್ಟ್‌ವೇರೇ ವಹಿವಾಟು ನಡೆಸಿ ತಿಂಗಳಿಗೆ ಶೇ 40ರ ತನಕ ಗಳಿಸಿಕೊಡುತ್ತದೆ ಎಂಬ ಆಮಿಷ. ಹೊಸಬರ ಹಣವನ್ನೇ ಹಳಬರಿಗೆ ಲಾಭವೆಂದು ಹಂಚಲಾಯಿತು ಎನ್ನುತ್ತದೆ ಅಮೆರಿಕದ ಆರೋಪಪಟ್ಟಿ. ಅದರ ಲೆಕ್ಕದಲ್ಲಿ ವಂಚನೆಯ ಮೊತ್ತ 240 ಕೋಟಿ ಡಾಲರ್. 2018ರ ಜನವರಿಯಲ್ಲಿ ಅಂಗಡಿ ಮುಚ್ಚಿತು, ಬಿಟ್‌ಕನೆಕ್ಟ್‌ನದೇ ನಾಣ್ಯದ ಬೆಲೆ ನೆಲಕಚ್ಚಿತು.

ಅದೇ ತಿಂಗಳು ಫ್ಲೋರಿಡಾದ ವಕೀಲ ಡೇವಿಡ್ ಸಿಲ್ವರ್ ಹೂಡಿಕೆದಾರರ ಪರ ಸಾಮೂಹಿಕ ದಾವೆ ಹೂಡಿದರು. ತೊಡಕು ಇದ್ದದ್ದು ಬಿಟ್‌ಕನೆಕ್ಟ್‌ನ ಪ್ರಚಾರಕರ ವಿಷಯದಲ್ಲಿ. ಅವರು ಯಾರ ಮನೆ ಬಾಗಿಲನ್ನೂ ತಟ್ಟಿರಲಿಲ್ಲ, ಯೂಟ್ಯೂಬಿನಲ್ಲಿ ಊರಿಗೆಲ್ಲ ಹೇಳಿದ್ದರು ಅಷ್ಟೆ. ಇಂಥ ವಿಡಿಯೊ ಮಾರಾಟದ ಕರೆಯಲ್ಲ ಎಂದು ಕೆಳ ನ್ಯಾಯಾಲಯ ಆ ದೂರನ್ನು ತಳ್ಳಿಹಾಕಿತು. ಹಾಗಲ್ಲ, ಊರಿಗೆಲ್ಲ ಹೇಳಿದರೂ ಅದು ಕರೆಯೇ ಎಂದು ಅಟ್ಲಾಂಟಾದ ಮೇಲ್ಮನವಿ ನ್ಯಾಯಾಲಯ 2022ರ ಫೆಬ್ರುವರಿಯಲ್ಲಿ ತೀರ್ಪಿತ್ತಿತು. 1933ರ ಷೇರು ಕಾನೂನು ಯೂಟ್ಯೂಬಿಗೆ ಅನ್ವಯಿಸಿದ್ದು ಹೀಗೆ. ಷೇರು ವಂಚನೆಯ ವಕೀಲನ ವೃತ್ತಿಜೀವನ ಬಹುಪಾಲು ಇಂಥ ಒಂದೊಂದು ಪದದ ಮೇಲಿನ ವರ್ಷಗಟ್ಟಲೆ ಜಗ್ಗಾಟ. ಮುಖ್ಯ ಪ್ರಚಾರಕ ಗ್ಲೆನ್ ಆರ್ಕಾರೊ ಬೇರೆ ಕ್ರಿಮಿನಲ್ ಮೊಕದ್ದಮೆಯಲ್ಲಿ ತಪ್ಪೊಪ್ಪಿಕೊಂಡ. 40ಕ್ಕೂ ಹೆಚ್ಚು ದೇಶಗಳ ಸುಮಾರು 800 ಮಂದಿಗೆ 1.7 ಕೋಟಿ ಡಾಲರ್ ಹಿಂದಿರುಗಿಸಲು 2023ರಲ್ಲಿ ಆದೇಶವಾಯಿತು.

ಸೂರತ್‌ನಲ್ಲಿ ಕತೆ ಬೇರೆಯೇ ಹಾದಿ ಹಿಡಿಯಿತು. ಹಣ ಕಳೆದುಕೊಂಡ ಬಿಲ್ಡರೊಬ್ಬರು ಬಿಟ್‌ಕನೆಕ್ಟ್‌ನ ಇಬ್ಬರನ್ನು ಅಪಹರಿಸಿ ಬಿಟ್‌ಕಾಯಿನ್ ಕಿತ್ತುಕೊಂಡರೆಂಬುದು ಜಾರಿ ನಿರ್ದೇಶನಾಲಯದ (ಇ.ಡಿ.) ಆರೋಪ. ಸುದ್ದಿ ಪೊಲೀಸರ ಕಿವಿಗೆ ಬಿದ್ದಮೇಲೆ ಆ ಬಿಲ್ಡರೇ ಅಪಹರಣಕ್ಕೊಳಗಾದರು! ಆ ಪ್ರಕರಣದಲ್ಲಿ ಮಾಜಿ ಶಾಸಕ ನಳಿನ್ ಕೊಟಾಡಿಯಾ, ಅಮ್ರೇಲಿಯ ಆಗಿನ ಎಸ್‌ಪಿ ಜಗದೀಶ್ ಪಟೇಲ್ ಸೇರಿ 14 ಮಂದಿಗೆ ಅಹಮದಾಬಾದಿನ ವಿಶೇಷ ನ್ಯಾಯಾಲಯ 2025ರ ಆಗಸ್ಟ್‌ನಲ್ಲಿ ಜೀವಾವಧಿ ಶಿಕ್ಷೆ ವಿಧಿಸಿತು. ವಕೀಲನ ಮೂಲಕ ವಸೂಲಿಯ ದಾರಿ ಸವೆಯದ ಕಡೆ ಜನ ಹುಡುಕಿಕೊಳ್ಳುವ ಅಡ್ಡದಾರಿ ಇದು ಎಂದೇ ನನಗನ್ನಿಸುತ್ತದೆ. ಕಂಪನಿ ಕಾಯ್ದೆಯ 245ನೇ ಸೆಕ್ಷನ್ ನಮ್ಮಲ್ಲೂ ಸಾಮೂಹಿಕ ದಾವೆಗೆ ಅವಕಾಶ ಕೊಟ್ಟಿದೆ ನಿಜ. ಆದರೆ ಅದು ಕಂಪನಿಯ ಷೇರುದಾರರಿಗೆ, ಠೇವಣಿದಾರರಿಗೆ. ವೆಬ್‌ಸೈಟಿಗೆ ಬಿಟ್‌ಕಾಯಿನ್ ಸುರಿದವನಿಗೆ ಅದರಿಂದ ಏನು ಪ್ರಯೋಜನ? ಪುಣೆಯಲ್ಲಿ 220 ಬಿಟ್‌ಕಾಯಿನ್ ಕಳೆದುಕೊಂಡೆನೆಂದು 2022ರಲ್ಲಿ ದೂರು ಕೊಟ್ಟವರು ಸ್ವತಃ ವಕೀಲರು. ಅವರೂ ಹೋದದ್ದು ಪೊಲೀಸ್ ಠಾಣೆಗೇ.

2025ರ ಫೆಬ್ರುವರಿಯಲ್ಲಿ ಇ.ಡಿ. 1,646 ಕೋಟಿ ರೂಪಾಯಿ ಮೌಲ್ಯದ ಕ್ರಿಪ್ಟೊ ವಶಪಡಿಸಿಕೊಂಡಿತು. ಈಗ ಹೂಡಿಕೆದಾರನ ಪರ ವಕೀಲನಿಗೆ ನಿಜವಾದ ಕೆಲಸವಿದೆ: ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯಡಿ ಈ ಸ್ವತ್ತಿನಲ್ಲಿ ತನ್ನ ಕಕ್ಷಿದಾರನ ಪಾಲಿದೆ ಎಂದು ಅರ್ಜಿ ಹಾಕಿ ರುಜುವಾತು ಮಾಡುವುದು. ವ್ಯಾಲೆಟ್ ವಿಳಾಸ, ವರ್ಗಾವಣೆಯ ದಿನಾಂಕ, ಬ್ಯಾಂಕಿನ ದಾಖಲೆ ಎಲ್ಲವೂ ಬೇಕು. ಪರಿಚಯದವನ ಕೈಗೆ ನಗದು ಕೊಟ್ಟವನ ಬಳಿ ಇವು ಯಾವುವೂ ಇರುವುದಿಲ್ಲ. ಅರ್ಜಿ ಹಾಕಿದರೆ, ಆ ನಗದು ಎಲ್ಲಿಂದ ಬಂತೆಂದು ಆದಾಯ ತೆರಿಗೆಯವರೂ ಕೇಳಬಹುದು.